ನಲವತ್ತೊಂದು ಹಲ್ಲಿನ ಚಕ್ರ

ನಾನು ಕಾರಿನ ಹಿಂದಿನ ಆಕ್ಸಲ್‌ನೊಳಗೆ ತಿರುಗುವ ಹಲ್ಲುಚಕ್ರ. ಗ್ಯಾರೇಜಿನವರು ನನ್ನನ್ನು ಕ್ರೌನ್ ಎನ್ನುತ್ತಾರೆ. ನನ್ನ ಹುಟ್ಟೇ ಏಟಿನಿಂದ. ಕೆಂಪಗೆ ಕಾದ ಉಕ್ಕಿನ ತುಂಡಾಗಿದ್ದಾಗ ಯಂತ್ರದ ಸುತ್ತಿಗೆ ನನ್ನ ಮೇಲೆ ಬಿತ್ತು, ಮತ್ತೆ ಮತ್ತೆ ಬಿತ್ತು. ಮೈ ಕೊರೆದು ನಲವತ್ತೊಂದು ಹಲ್ಲು ಮೂಡಿಸಿದರು. ಒಂಬತ್ತು ಹಲ್ಲಿನ ಪುಟ್ಟ ಪಿನಿಯನ್ನನ್ನು ಜೋಡಿ ಮಾಡಿದರು. ಅದು ನಾಲ್ಕೂವರೆ ಸುತ್ತು ಸುತ್ತಿದರೆ ನಾನು ಒಂದೇ ಸುತ್ತು. ಹಾಗಾಗಿ ನಮಗೆ ಎಳೆಯುವ ಕಸುವು ಹೆಚ್ಚು, ಓಟ ಕಡಿಮೆ.

ಮೊದಲು ಕಲ್ಲು ಕ್ವಾರಿಯ ಗಾಡಿಯೊಂದರಲ್ಲಿ ದುಡಿದೆ. ಅದು ಹೊಂಡಕ್ಕೆ ಉರುಳಿ ನಜ್ಜುಗುಜ್ಜಾಯಿತು. ಉಳಿದ ನಾನೂ ಪಿನಿಯನ್ನೂ ಹುಬ್ಬಳ್ಳಿಯ ಇಮಾಮಸಾಬನ ಗ್ಯಾರೇಜು ಸೇರಿದೆವು.

ಅಲ್ಲಿಗೆ ಬಂದವನು ಗಂಗಾಧರ ಮಹಾಲೆ. ಅಪ್ಪನ ಉದ್ದ ಮೂತಿಯ ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಅದಕ್ಕೆ ತಕ್ಕ ಹಲ್ಲುಚಕ್ರ ಹುಡುಕುತ್ತಿದ್ದ. ಅಪ್ಪನ ಹೆಣ ಇನ್ನೂ ಮನೆಯಲ್ಲಿರುವಾಗಲೇ ಆ ಕಾರಿಗಾಗಿ ಅವನೂ ತಮ್ಮ ವಾಮನನೂ ಅಂಗಳದಲ್ಲಿ ಹೊಡೆದಾಡಿದ್ದರಂತೆ. ಕಾರು ಅಣ್ಣನಿಗಾಯಿತು. ವಾಮನ ಹಟಕ್ಕೆ ಬಿದ್ದು ಹೊಸ ಕಾರು ಕೊಂಡ. ಎದುರಾದಲ್ಲೆಲ್ಲ ಇಬ್ಬರೂ ರೇಸಿಗೆ ನಿಲ್ಲುತ್ತಿದ್ದರು.

ಇಮಾಮಸಾಬ ಎರಡು ಜೋಡಿ ಮುಂದಿಟ್ಟ. ನಮ್ಮದೊಂದು, ಓಟದ ಜೋಡಿ ಇನ್ನೊಂದು.

“ಈ ನಲವತ್ತೊಂದರದ್ದು ಹಾಕಿದ್ರ ಗಾಡಿ ಸಿಗ್ನಲ್‌ದಾಗ ಜಿಗೀತದ. ಬೈಪಾಸ್‌ದಾಗ ಮಾತ್ರ ಎಂಜಿನ್ ಚೀರತದ, ಗಾಡಿ ಮುಂದ ಹೋಗೂದಿಲ್ಲ. ಆ ಇನ್ನೊಂದು ನಿಧಾನ ಏಳತದ, ಆಮ್ಯಾಲ ಹಾರತದ. ಯಾವುದು ಬೇಕು ನೋಡಪಾ.”

“ಮೊದಲನೇ ಹೊಡತಕ್ಕ ಅವನ ಮಾರಿ ಇಳೀಬೇಕು ಚಾಚಾ. ಇದನ್ನ ಹಾಕ್ರಿ,” ಎಂದು ಗಂಗಾಧರ ನನ್ನ ಮೇಲೆ ಕೈಯಿಟ್ಟ.

ಒಂದು ದಿನ ಸರ್ಕಲ್ಲಿನಲ್ಲಿ ವಾಮನನ ಕಾರು ಪಕ್ಕಕ್ಕೆ ಬಂದು ನಿಂತಿತು. ಹಸಿರು ದೀಪ ಬಿದ್ದೊಡನೆ ಪಿನಿಯನ್ ನನ್ನನ್ನು ಕಚ್ಚಿ ಎಳೆಯಿತು. ಟೈರು ಹೊಗೆಯಾಡಿತು. ವಾಮನ ಹಿಂದೆ ಬಿದ್ದ. ಮುಂದಿನ ಸಿಗ್ನಲ್ಲಿನಲ್ಲಿ ಅವನು ಇಳಿದು ಬಂದು ನಮ್ಮ ಬಾಗಿಲಿಗೆ ಒದ್ದ. ಗಂಗಾಧರ ವೀಲ್ ಪಾನಾ ಹಿಡಿದು ಹೋಗಿ ಅವನ ಹೆಡ್‌ಲೈಟು ಒಡೆದ. ಜನ ನಡುವೆ ಬಂದು ಬಿಡಿಸಿದರು.

“ಗಂಡಸಾಗಿದ್ರ ಬೈಪಾಸಿಗೆ ಬಾ!” ಎಂದು ವಾಮನ ಕೂಗಿದ.

ಭಾನುವಾರ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋದರು. ಶುರುವಿನಲ್ಲಿ ನಾವೇ ಮುಂದೆ. ಆಮೇಲೆ ಎಂಜಿನ್ ಅರಚತೊಡಗಿತು, ವೇಗ ಏರಲಿಲ್ಲ. ವಾಮನ ಹಾರ್ನ್ ಬಾರಿಸುತ್ತ ದಾಟಿ ಹೋದ. ಗಂಗಾಧರನಿಗೆ ಸಿಟ್ಟಿನಿಂದ ಕಣ್ಣು ಕತ್ತಲಿಟ್ಟಿತು. ಗೇರು ಕೆಳಕ್ಕೆ ತುರುಕಿ ಕ್ಲಚ್ಚನ್ನು ಥಟ್ಟನೆ ಬಿಟ್ಟ. ಆ ಹೊಡೆತಕ್ಕೆ ನನ್ನ ಹಲ್ಲೊಂದು ಮುರಿದು ನನ್ನ ಮತ್ತು ಪಿನಿಯನ್ನಿನ ನಡುವೆ ಸಿಕ್ಕಿಕೊಂಡಿತು. ಹಿಂದಿನ ಚಕ್ರಗಳು ಕಚ್ಚಿ ನಿಂತವು. ಕಾರು ಗಿರಗಿರನೆ ಸುತ್ತಿ, ಮೋರಿಯ ಕಟ್ಟೆಗೆ ಬಡಿದು, ತಲೆಕೆಳಗಾಯಿತು.

ಪೆಟ್ರೋಲು ಸೋರುತ್ತಿತ್ತು. ವಾಮನ ಓಡಿ ಬಂದವನೇ ಮೊಣಕೈಯಿಂದ ಒಡಕು ಗಾಜು ಗುದ್ದಿ ಬೀಳಿಸಿದ. ತೋಳೆಲ್ಲ ರಕ್ತ. ಅಣ್ಣನ ಕಂಕುಳಿಗೆ ಕೈ ಹಾಕಿ ಎಳೆದ. ಕಾಲು ಮುರಿದಿದ್ದರೂ ಗಂಗಾಧರ ಅವನ ಬಾಯಿಗೇ ಗುದ್ದಿದ.

“ಇನ್ನೊಂದು ಹೊಡಿ ಅಣ್ಣಾ, ಆದ್ರ ಹೊರಗ ಬಾ!”

ಅವನನ್ನು ಎಳೆದು ಹಾಕುವುದಕ್ಕೂ ಬೆಂಕಿ ಹತ್ತುವುದಕ್ಕೂ ಸರಿಹೋಯಿತು. ಅಪ್ಪನ ಕಾರು ಉರಿಯುವುದನ್ನು ಇಬ್ಬರೂ ಮಣ್ಣಿನಲ್ಲಿ ಬಿದ್ದುಕೊಂಡೇ ನೋಡಿದರು. ಹೊಡೆದಾಡಲು ಇನ್ನೇನೂ ಉಳಿಯಲಿಲ್ಲ.

ಈಗ ನಾನು ಗ್ಯಾರೇಜಿನ ಹಿತ್ತಲಲ್ಲಿ, ಮಸಿ ಮೆತ್ತಿಕೊಂಡು, ತುಕ್ಕು ಹಿಡಿದು ಬಿದ್ದಿದ್ದೇನೆ. ಒಮ್ಮೆ ಗಂಗಾಧರ ಊರುಗೋಲು ಊರಿಕೊಂಡು ತಮ್ಮನ ಜೊತೆ ಬಂದ.

“ಆವತ್ತ ಇನ್ನೊಂದು ಜೋಡಿ ಹಾಕಿಸಬೇಕಿತ್ತೇನ್ರೀ ಚಾಚಾ?”

“ಅದನ್ನ ಹಾಕಿದ್ರ ನೀ ಇವನನ್ನ ಹಿಂದ ಹಾಕತಿದ್ದಿ. ಇಂವಾ ಬಿಡತಿದ್ದಿಲ್ಲ. ಇಬ್ಬರೂ ಸಾಯತಿದ್ರಿ.”

ನಾನೂ ಹಾಗೇ ಅಂದುಕೊಂಡಿದ್ದೇನೆ. ಹಲ್ಲು ಎಷ್ಟಿದ್ದರೂ ಪೆಡಲ್ಲಿನ ಮೇಲೆ ಕಾಲೂರುವವನ ಸಿಟ್ಟನ್ನು ನಾವು ಕಡಿಮೆ ಮಾಡಲಾರೆವು.

ಗಂಗಾಧರ ಕಷ್ಟಪಟ್ಟು ಬಗ್ಗಿ, ನನ್ನ ಹಲ್ಲು ಮುರಿದ ಜಾಗವನ್ನು ಬೆರಳಿನಿಂದ ಸವರಿದ. ವಾಮನ ನಕ್ಕ. ಮುಂದಿನ ಹಲ್ಲೊಂದು ಅವನ ಬಾಯಲ್ಲೂ ಇರಲಿಲ್ಲ.

“ಎರಡೂ ನೀನ ಮುರದದ್ದು ಅಣ್ಣಾ,” ಎಂದು, ಅವನನ್ನು ಎಬ್ಬಿಸಲು ಕೈ ಚಾಚಿದ.