ಹೀರೋ ತಂಗಿಯ ಚೀರುದನಿ

ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಮಗಳ ಫೋನಿನೊಳಗಿಂದ ಹೆಂಗಸೊಬ್ಬಳು ಚೀರಿದಳು. ಚೀರುತ್ತ ಚೀರುತ್ತ ಕತ್ತರಿ ಬಿದ್ದಂತೆ ಅರ್ಧದಲ್ಲೇ ನಿಂತಳು. ಮಗಳು ಬಿದ್ದುಬಿದ್ದು ನಗತೊಡಗಿದಳು.

ದಿಂಬಿನ ಚೀಲ ನನ್ನ ಕೈಯಲ್ಲೇ ಉಳಿಯಿತು. ಆ ದನಿ ನನ್ನದು.

"ಅಮ್ಮಾ, ಇದನ್ನ ನೋಡು," ಎನ್ನುತ್ತ ಅವಳೇ ಬಂದು ಫೋನನ್ನು ನನ್ನ ಮೂಗಿನ ತುದಿಗೆ ಹಿಡಿದಳು. ಗೋಡೆಯ ಮೇಲೆ ನಡೆಯುತ್ತಿದ್ದ ಬೆಕ್ಕು ಜಾರಿ ನೀರಿನ ಬಕೆಟ್ಟಿಗೆ ಬೀಳುತ್ತದೆ. ಅದರ ಬಾಯಿಗೆ ನನ್ನ ಚೀರುದನಿ. ಪರೀಕ್ಷೆಯ ಫಲಿತಾಂಶ ನೋಡಿ ಹುಡುಗಿಯೊಬ್ಬಳು ಬಾಯಿ ತೆರೆಯುತ್ತಾಳೆ. ಹೊರಡುವುದು ನನ್ನ ದನಿ. ಗಂಡ ಮಾಡಿದ ಅಡುಗೆಯ ಮೊದಲ ತುತ್ತು ಬಾಯಿಗಿಟ್ಟ ಹೆಂಡತಿಗೂ ಅದೇ.

"ಯಾವುದೋ ಹಳೇ ಸಿನಿಮಾದ್ದಂತೆ. ಹೀರೋ ತಂಗಿ ಕಿರುಚೋದು. ಈಗ ಎಲ್ಲರೂ ಇದನ್ನೇ ಹಾಕ್ತಿದ್ದಾರೆ. ಎಷ್ಟು ಓವರ್ ಆಕ್ಟಿಂಗ್ ಅಲ್ವಾ?"

"ಹೂಂ," ಎಂದೆ. ಮಡಚಿದ ಚೀಲವನ್ನು ಬಿಚ್ಚಿ ಮತ್ತೆ ಮಡಚಿದೆ.

ನಮ್ಮ ಆ ತೊಂಬತ್ತರ ದಶಕದ ಮೇಲೆ ಈಗಿನ ಮಕ್ಕಳಿಗೆ ಎಲ್ಲಿಲ್ಲದ ಪ್ರೀತಿ. ಆಗಿನ ಹಾಡು ಕೇಳುತ್ತಾರೆ, ಆಗಿನ ದೊಗಳೆ ತೋಳಿನ ಅಂಗಿ ಹಾಕುತ್ತಾರೆ, ಕ್ಯಾಸೆಟ್ಟಿನೊಳಗೆ ಪೆನ್ಸಿಲ್ ತೂರಿಸಿ ಸುತ್ತುವುದನ್ನು ಕಂಡರೆ ದೇವರನ್ನೇ ಕಂಡಂತೆ ಕಣ್ಣರಳಿಸುತ್ತಾರೆ. ತಪ್ಪೇನಿಲ್ಲ. ನನಗೂ ಆ ಕಾಲದ ಎಷ್ಟೋ ಸಂಗತಿ ಪ್ರಿಯವೇ. ಧಾರಾವಾಹಿಯ ಶೀರ್ಷಿಕೆ ಹಾಡು ಶುರುವಾದರೆ ಬೀದಿ ಖಾಲಿಯಾಗುತ್ತಿತ್ತು. ಒಬ್ಬರು ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸಬೇಕು, ಒಬ್ಬರು ಕಿಟಕಿಯಲ್ಲಿ ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಎನ್ನಬೇಕು. ಹಾಡುಗಳಲ್ಲಿ ಹೊಗೆಯ ನಡುವೆ ನಾಯಕಿ ಬಣ್ಣಬಣ್ಣದ ಉಡುಪಿನಲ್ಲಿ ಓಡಿಬರುತ್ತಿದ್ದಳು. ಅದು ಎಂಥ ಹೊಗೆ, ಏತಕ್ಕೆ ಹೊಗೆ ಎಂದು ನಾವು ಯಾರೂ ಕೇಳಲಿಲ್ಲ.

ಇನ್ನೊಂದನ್ನೂ ಕೇಳಲಿಲ್ಲ. ಆಗಿನ ಸಿನಿಮಾದಲ್ಲಿ ನಾಯಕನಿಗೊಬ್ಬ ತಂಗಿ ಇದ್ದಳೆಂದರೆ ಅವಳ ಕಥೆ ಮುಗಿಯಿತೆಂದೇ ಲೆಕ್ಕ. ಅಣ್ಣನ ಜೊತೆ ಒಂದು ಹಾಡು ಹಾಡುತ್ತಾಳೆ, ಕಾಲೇಜಿಗೆ ಹೊರಡುತ್ತಾಳೆ, ಒಂದು ಬಾಗಿಲು ಮುಚ್ಚುತ್ತದೆ. ದೀಪ ಒಡೆಯುತ್ತದೆ, ಚೀರುದನಿ ಕೇಳುತ್ತದೆ. ಆಮೇಲೆ ಅಣ್ಣ ಹೊಡೆದಾಡಲು ಹೊರಡುತ್ತಾನೆ. ಜನ ಹಾಡು ಗುನುಗುತ್ತ, ಹೊಡೆದಾಟದ ಬಗ್ಗೆ ಮಾತಾಡಿಕೊಳ್ಳುತ್ತ ಮನೆಗೆ ಹೋಗುತ್ತಿದ್ದರು. ನಡುವೆ ಚೀರಿದವಳನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಪರದೆಯ ಮೇಲೆ ಬಾಯಿ ತೆರೆದವರು ಯಾರ್‍ಯಾರೋ. ದನಿ ಮಾತ್ರ ಹೆಚ್ಚಿನದರಲ್ಲಿ ನನ್ನದೇ. ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ದನಿಮುದ್ರಣ ಮಾಡುತ್ತಿದ್ದವರು ನನ್ನ ಅಕ್ಕನ ಗಂಡ, ಭಾವ.

ಆ ವಾರವೇ ಭಾವ ಮನೆಗೆ ಬಂದರು. ಎಪ್ಪತ್ತರ ಹತ್ತಿರವಾದರೂ ಬೆನ್ನು ಬಾಗಿಲ್ಲ. ಹೆಜ್ಜೆಯ ಸದ್ದು ಮೊದಲಿನಿಂದಲೂ ಇಲ್ಲ. ಗಂಟೆ ಒತ್ತಿದಾಗಲೇ ಬಾಗಿಲ ಆಚೆ ಯಾರೋ ಇದ್ದಾರೆಂದು ಗೊತ್ತಾಗಬೇಕು.

"ಏನಮ್ಮಾ ಸ್ಟಾರ್, ಬಾಗಿಲು ತೆಗೆಯೋಕೂ ಕಾಲ್‌ಶೀಟ್ ಬೇಕಾ ನಿನಗೆ?"

"ಯಾರು ದೊಡ್ಡಪ್ಪ ಸ್ಟಾರ್?" ಮಗಳು ಓಡಿಬಂದಳು.

"ನಿಮ್ಮಮ್ಮ! ಊರೆಲ್ಲ ಫೋನ್ ಹಿಡ್ಕೊಂಡು ನಗ್ತಿರೋದು ಯಾರ ಗಂಟಲಿಗೆ ಅಂದ್ಕೊಂಡೆ?"

ಮಗಳು ನನ್ನತ್ತ ತಿರುಗಿದಳು. "ಅಮ್ಮಾ! ಅದು ನೀನಾ? ನಾನು ಓವರ್ ಆಕ್ಟಿಂಗ್ ಅಂದಾಗ ಹೂಂ ಅಂದ್ಯಲ್ಲ! ಎಂಥ ಕಳ್ಳಿ ನೀನು!"

"ಆಕ್ಟಿಂಗ್ ಎಲ್ಲಿಂದ ಬರಬೇಕು ಮರಿ ಇವಳಿಗೆ? ತನ್ನ ಮದುವೇಲಿ ಅಳೋಕೂ ಬರಲಿಲ್ಲ. ಎಲ್ಲಾ ಅಸಲಿ. ಅಸಲೀನ ಹೊರಗೆ ತೆಗೆಯೋದು ನನ್ನ ಕೆಲಸ." ಭಾವ ಕುರ್ಚಿ ಎಳೆದುಕೊಂಡು ಕೂತರು. ಟಿವಿಯವರು ವಾರವಾರ ಹಳೆಯ ಹಾಡು, ಧಾರಾವಾಹಿ, ಸಿನಿಮಾಗಳ ನೆನಪಿನ ಕಾರ್ಯಕ್ರಮ ನಡೆಸುತ್ತಿದ್ದಾರಂತೆ. ಚೀರಿದ್ದು ಯಾರೆಂದು ಹುಡುಕುತ್ತ ಇವರ ಬಳಿಗೆ ಬಂದರಂತೆ. "ನಾನೇ ಹೇಳ್ದೆ, ಅಂದು ತಾಯಿ, ಇಂದು ಮಗಳು. ಅದೇ ಕೋಣೆ, ಅದೇ ನಾನು. ಕುಣಿದಾಡಿಬಿಟ್ರು. ಭಾನುವಾರ ಮರೀನ ಸ್ಟುಡಿಯೋಗೆ ಕಳಿಸು."

"ಬೇಕಾದ್ರೆ ನಾನೇ ಬರ್ತೀನಿ ಭಾವ," ಎಂದೆ.

"ನೀನಾ? ಈ ಗಂಟಲಲ್ಲಿ ಕಾಗೆ ಓಡಿಸಬಹುದು, ಅಷ್ಟೆ." ನಗುತ್ತಲೇ ಮಗಳ ಕತ್ತಿನ ಹಿಂದೆ ಅಂಗೈ ಇಟ್ಟು, ಬಟ್ಟೆ ಹೊಲಿಯುವವರು ಅಳತೆ ನೋಡುವಂತೆ ನೋಡಿದರು. "ಒಳ್ಳೇ ಗಂಟಲು. ಎಳೇ ಗಂಟಲು."

ಮಗಳು ಕುಣಿಯುತ್ತ ಟೀ ಮಾಡಲು ಹೋದಳು. ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು.

ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ ಬಡಿದಿದ್ದರು. ಬಾಗಿಲು ಮುಚ್ಚಿದರೆ ಕಿವಿಗೆ ಹತ್ತಿ ತುರುಕಿದ ಹಾಗೆ. ಒಂದು ಪಕ್ಕದಲ್ಲಿ ಗಾಜು, ಗಾಜಿನ ಆಚೆ ಯಂತ್ರಗಳಿರುವ ಕ್ಯಾಬಿನ್ನು. ಮೊದಲ ದಿನ ಮೈಕಿನ ಮುಂದೆ ನಿಂತು ಬಾಯಿಗೆ ಬಂದಂತೆ ಕಿರುಚಿದ್ದೆ. ಭಾವ ತಲೆಯಾಡಿಸಿದರು. "ನಟಿಸಬೇಡ. ಕಾಯಿ," ಎಂದರು. ಯಂತ್ರ ಓಡಲು ಬಿಟ್ಟು ಒಳಗೆ ಬಂದು, ಚಿಲಕ ಹಾಕಿ, ದೀಪ ಆರಿಸಿದರು.

ಕಾದೆ. ಅವರು ಎಲ್ಲಿ ನಿಂತಿದ್ದಾರೆಂದು ಗೊತ್ತಿಲ್ಲ. ಉಸಿರು ಎಡಕ್ಕೆ ಕೇಳಿದಂತಾಗುತ್ತಿತ್ತು, ಆಮೇಲೆ ಎಲ್ಲೂ ಕೇಳುತ್ತಿರಲಿಲ್ಲ. "ಭಾವ?" ಎಂದರೆ ಉತ್ತರವಿಲ್ಲ. ಇನ್ನೇನು ಇಲ್ಲ, ಹೊರಗೆ ಹೋಗಿರಬೇಕು ಅನ್ನಿಸುವ ಹೊತ್ತಿಗೆ ಹಿಂದಿನಿಂದ ಕತ್ತಿನ ಮೇಲೆ ಕೈ ಬೀಳುತ್ತಿತ್ತು. ನಾನು ಚೀರುತ್ತಿದ್ದೆ. ಇನ್ನೊಂದು ಕೈ ಬಾಯಿ ಮುಚ್ಚುತ್ತಿತ್ತು. ಚೀರುದನಿ ಅರ್ಧದಲ್ಲೇ ನಿಲ್ಲುವ ಆ ಕತ್ತರಿ ಸಿನಿಮಾದ ಎಡಿಟರು ಹಾಕಿದ್ದಲ್ಲ.

ಆಮೇಲೆ ದೀಪ. "ಶಹಬ್ಬಾಸ್," ಎಂದು ಬೆನ್ನು ತಟ್ಟಿ ಸೋಡಾ ತರಿಸಿ ಕೊಡುತ್ತಿದ್ದರು. ಏನು ಮಾಡಿದರು ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆ? ದೀಪ ಆರಿಸಿದರು. ಹೆದರಿಸಿದರು. ಕೆಲಸವೇ ಅದಲ್ಲವೇ? ಮುಂದಿನ ಸಿನಿಮಾಕ್ಕೆ ಇನ್ನೂ ಹೆಚ್ಚು ಹೊತ್ತು ಕಾಯಿಸಿದರು. ಬಾಯಿಯ ಮೇಲಿನ ಕೈ ಇನ್ನೂ ತಡವಾಗಿ ಏಳುತ್ತಿತ್ತು. ಮದುವೆಯಾಗುವವರೆಗೆ ಹೋದೆ. ಇಂದಿಗೂ ಸ್ನಾನದ ಕೋಣೆಯ ದೀಪ ಹೋದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಂದು ಭಾವ ಹೋದ ಮೇಲೆ ಮಗಳಿಗೆ ಬೇಡ ಎಂದೆ.

"ಯಾಕೆ? ನೀನು ಹೋಗಿಲ್ವಾ?"

"ಹೋಗಿದ್ದೆ, ಅದಕ್ಕೇ ಹೇಳ್ತಿದ್ದೀನಿ. ಆ ಕೋಣೆ ಒಳ್ಳೇದಲ್ಲ."

"ಕೋಣೆ ಏನಮ್ಮ ಮಾಡುತ್ತೆ? ದೆವ್ವ ಇದೆಯಾ?" ನನ್ನ ಮುಖ ನೋಡಿ ಸ್ವಲ್ಪ ಗಂಭೀರಳಾದಳು. "ಸರಿಯಾಗಿ ಹೇಳು. ಏನಾಯ್ತು ಅಲ್ಲಿ?"

ದೀಪ ಆರಿಸಿದರು ಎಂದು ಹೇಳಲು ಬಾಯಿ ತೆರೆದೆ. ಅಷ್ಟೇ ಹೇಳಿದರೆ ಅವಳು ನಗುತ್ತಾಳೆ ಅನ್ನಿಸಿತು. ತೆರೆದ ಬಾಯಿ ಮುಚ್ಚಿದೆ. ಅವಳ ತಂದೆ ಇದ್ದಿದ್ದರೆ ಅವರ ಮೇಲೆ ಹಾಕಿ ತಪ್ಪಿಸಬಹುದಿತ್ತು. ಅವರು ಹೋಗಿ ವರ್ಷಗಳಾದವು. ಉಳಿದವಳು ಅಕ್ಕ. ಶುಕ್ರವಾರ ಮಗಳು ಕಾಲೇಜಿಗೆ ಹೋದ ಮೇಲೆ ಅಕ್ಕನ ಮನೆಗೆ ಹೊರಟೆ.

ಮೆಟ್ಟಿಲಲ್ಲಿ ಅಕ್ಕನ ಕೆಳಮನೆಯ ಮುದುಕಿ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. "ಬನ್ನಿ ಸಿನಿಮಾದವರೇ! ನಿಮ್ಮಕ್ಕನ ಮನೇಲಿ ಈಗ ಇರುವೆ ನಡೆದ ಸದ್ದೂ ಇಲ್ಲ ನೋಡಿ. ಆಗ ಏನು ರಿಹರ್ಸಲ್ ನಿಮ್ಮದು! ನಮ್ಮ ಮಕ್ಕಳು ಬೆಚ್ಚಿ ಬೀಳ್ತಿದ್ವು. ಒಂದ್ಸಲ ನಮ್ಮ ಯಜಮಾನರು ಗಾಬರಿಯಾಗಿ ಬಾಗಿಲು ತಟ್ಟೋಕೆ ಹೋದ್ರು. ನಿಮ್ಮ ಭಾವ ನಗ್ತಾ ಬಂದು 'ಪ್ರಾಕ್ಟೀಸ್ ಕಣ್ರೀ' ಅಂದ್ರು. ಆಮೇಲೆ ನಾವು ಎಷ್ಟು ಕೇಳಿದ್ರೂ ತಲೆ ಕೆಡಿಸ್ಕೊಳ್ಳಲಿಲ್ಲ."

ನಾನೂ ನಕ್ಕು ಎರಡು ಮೆಟ್ಟಿಲು ಹತ್ತಿದೆ. ಮೂರನೆಯದರಲ್ಲಿ ಕಾಲು ನಿಂತಿತು. ಅಕ್ಕನ ಮನೆಯಲ್ಲಿ ನಾನು ಒಂದು ದಿನವೂ ಕಿರುಚಿದವಳಲ್ಲ.

ಅಕ್ಕ ಬಾಗಿಲು ತೆಗೆದಳು. ಅವಳ ದನಿ ಮರಳು ಕಾಗದ ಉಜ್ಜಿದಂತೆ. ಹತ್ತಿರ ಕೂತರಷ್ಟೇ ಮಾತು ತಿಳಿಯುತ್ತದೆ. ಹಿಂದೆ ಕ್ಯಾಸೆಟ್ಟುಗಳಲ್ಲಿ ಹಿನ್ನೆಲೆಗೆ ಹಾಡುತ್ತಿದ್ದಳು. ಗಂಟಲಲ್ಲಿ ಗಂಟಾಯಿತು, ದನಿ ಹೋಯಿತು ಎಂದು ಮನೆಯವರಿಗೆಲ್ಲ ಗೊತ್ತು. ಹಾಗೆಂದು ಹೇಳಿದವರು ಭಾವ.

"ಕೆಳಗಡೆಯವರು ಸಿಕ್ಕಿದ್ರಾ?" ನನ್ನ ಮುಖ ನೋಡಿಯೇ ಕೇಳಿದಳು.

"ಸಿಕ್ಕಿದ್ರು."

ಅಕ್ಕ ಟೀಪಾಯಿಯ ಮೇಲಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿನಗಿಂತ ಮೊದಲು ನಾಕೈದು ಸಿನಿಮಾಕ್ಕೆ ನಾನೇ ಕಿರುಚಿದ್ದು. ಅಲ್ಲಿ ಸಾಲದೇ ಇದ್ದಾಗ ಇಲ್ಲಿ. ಗಂಟಲು ಹರಿದುಹೋಯ್ತು. ಕಿರುಚೋಕೆ ಹೋದ್ರೆ ಬರೀ ಗಾಳಿ. ಅವರಿಗೆ ಗಾಳಿ ಬೇಡವಾಗಿತ್ತು."

"ಆಗ ನನ್ನನ್ನು ಕರೆಸಿದ್ರಾ?"

"ಅವರು ಕರೆಸಲಿಲ್ಲ ಕಣೇ." ಅಕ್ಕ ತಲೆಯೆತ್ತಲಿಲ್ಲ. "ನಾನು ಕರೆಸ್ದೆ. ನಮ್ಮ ತಂಗಿ ದನಿ ಚೆನ್ನಾಗಿದೆ ಅಂದೆ. ನೀನು ಹೋಗೋಕೆ ಶುರುಮಾಡಿದ ಮೇಲೆ ಈ ಮನೇಲಿ ನಿಂತಿತು."

ಅಡುಗೆಮನೆಯಲ್ಲಿ ಇಟ್ಟ ನೀರು ಕುದಿಯುತ್ತಿತ್ತು. ಯಾರೂ ಏಳಲಿಲ್ಲ. ಅವಳಿಗೆ ಹೊಡೆಯಬೇಕೆನ್ನಿಸಿತು, ಅವಳ ತೊಡೆಯ ಮೇಲೆ ತಲೆಯಿಡಬೇಕೆನ್ನಿಸಿತು, ಎರಡನ್ನೂ ಮಾಡಲಿಲ್ಲ. "ಭಾನುವಾರ ಮಗಳನ್ನ ಕರೀತಿದ್ದಾರೆ," ಎಂದೆ.

"ಗೊತ್ತು. ಬಾಯಿ ಬಿಡಬೇಡ ಅಂದಿದ್ದಾರೆ."

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಮಗಳು. "ಅಮ್ಮಾ, ಬಯ್ಯಬೇಡ ಆಯ್ತಾ? ದೊಡ್ಡಪ್ಪ ಕಾಲೇಜ್ ಹತ್ರಾನೇ ಬಂದಿದ್ರು. ಟಿವಿಯವರಿಗೆ ಅರ್ಜೆಂಟಂತೆ, ಇವತ್ತೇ ಮುಗಿಸೋಣ ಅಂದ್ರು. ಸ್ಟುಡಿಯೋ ಮೆಟ್ಟಿಲು ಹತ್ತಿದ್ದೀವಿ. ಫೋನ್ ಹೊರಗಿಡಬೇಕಂತೆ. ಇಡ್ತೀನಿ, ಬಾಯ್."

"ಒಳಗೆ ಹೋಗಬೇಡ," ಎಂದೆ. ಕೇಳಿಸಿಕೊಳ್ಳಲು ಆ ಕಡೆ ಯಾರೂ ಇರಲಿಲ್ಲ.

ಅಕ್ಕ ಒಲೆ ಆರಿಸಲೂ ಒಳಗೆ ಹೋಗಲಿಲ್ಲ. ನಾನು ಓಡಿ ಆರಿಸಿ ಬರುವಷ್ಟರಲ್ಲಿ ಅವಳು ಬರಿಗಾಲಲ್ಲೇ ಮೆಟ್ಟಿಲಿಳಿಯುತ್ತಿದ್ದಳು. ಸ್ಟುಡಿಯೋ ಎರಡು ಬೀದಿಯಾಚೆ, ಪೀಠೋಪಕರಣದ ಅಂಗಡಿಯ ಮೇಲೆ. ಈಗ ಅಲ್ಲಿ ಭಾವ ಅಂಗಡಿಗಳ ರಿಯಾಯಿತಿ ಪ್ರಕಟಣೆ ಮುದ್ರಿಸಿ ಕೊಡುತ್ತಾರೆ. ಅಂಗಡಿಯಲ್ಲಿ ಯಾರೋ ಸೋಫಾದ ಮೇಲೆ ಕೂತು ಎದ್ದು ನೋಡುತ್ತಿದ್ದರು. ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಓಡುವುದನ್ನು ಕಂಡು ಪಕ್ಕಕ್ಕೆ ಸರಿದರು.

ಕ್ಯಾಬಿನ್ನಿನ ಬಾಗಿಲು ಬರೀ ಎಳೆದುಕೊಂಡಿತ್ತು. ಒಳಗೆ ಯಾರೂ ಇಲ್ಲ. ಮೇಜಿನ ಮೇಲೆ ಮಗಳ ಫೋನು, ಪಕ್ಕದಲ್ಲಿ ಇನ್ನೂ ತೆರೆಯದ ಸೋಡಾ ಬಾಟಲಿ. ಆಗಿನ ಯಂತ್ರದ ಜಾಗದಲ್ಲಿ ಕಂಪ್ಯೂಟರು. ಅದರ ಮೇಲೆ ಹಸಿರು ಗೆರೆಯೊಂದು ಸಣ್ಣಗೆ ನಡುಗುತ್ತ ಸಾಗುತ್ತಿತ್ತು. ಗಾಜಿನ ಆಚೆ ಕಪ್ಪು. ಅದರಲ್ಲಿ ಕಾಣುತ್ತಿದ್ದುದು ನಮ್ಮಿಬ್ಬರ ಮುಖ ಮಾತ್ರ.

ಒಳಬಾಗಿಲನ್ನು ಗುದ್ದಿದೆ. ಮೆತ್ತೆ ನನ್ನ ಗುದ್ದನ್ನು ನುಂಗಿಕೊಂಡಿತು. ಕ್ಯಾಬಿನ್ನಿನ ಸ್ಪೀಕರಿನಲ್ಲಿ ಮಗಳ ಉಸಿರು ಕೇಳುತ್ತಿತ್ತು, ಹತ್ತಿರದಿಂದ. "ದೊಡ್ಡಪ್ಪ?" ಎಂದಳು. ನಗು ಇನ್ನೂ ದನಿಯಲ್ಲಿತ್ತು. ಸ್ವಲ್ಪ ತಡೆದು, "ದೊಡ್ಡಪ್ಪಾ, ಇದ್ದೀರಾ?" ಎಂದಳು. ಈಗ ನಗು ಇರಲಿಲ್ಲ.

ಒಳಗಿನವರ ಜೊತೆ ಮಾತಾಡುವ ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಒತ್ತಿದೆ. ಬಾಯಿ ತೆರೆದೆ. ದನಿ ಬರಲಿಲ್ಲ. ಅಷ್ಟೊಂದು ಸಿನಿಮಾಗಳಲ್ಲಿ ಚೀರಿದ ಬಾಯಿ, ಮೇಲೆ ಯಾರದೋ ಕೈ ಇದ್ದಂತೆ ಹಾಗೇ ನಿಂತಿತು.

ಅಕ್ಕ ನನ್ನನ್ನು ಸರಿಸಿ ಮೈಕಿಗೆ ಬಗ್ಗಿದಳು. "ಮರೀ," ಎಂದಳು. ಹತ್ತಿರ ಕೂತರಷ್ಟೇ ಕೇಳುವ ಆ ದನಿ ಒಳಗಿನ ಸ್ಪೀಕರಿನಿಂದ ಇಡೀ ಕೋಣೆ ತುಂಬುವಂತೆ ಹೊರಟಿರಬೇಕು. ಹಸಿರು ಗೆರೆ ಎತ್ತರಕ್ಕೆ ಹಾರಿತು. "ನಾನು, ದೊಡ್ಡಮ್ಮ. ಹೆದರಬೇಡ. ಅವನು ನಿನ್ನ ಹಿಂದೆ ನಿಂತಿದ್ದಾನೆ. ಎಡಗಡೆಗೆ ಮೂರು ಹೆಜ್ಜೆ ಹೋಗು, ಗೋಡೆ ಸಿಗುತ್ತೆ. ಭುಜದ ಎತ್ತರಕ್ಕೆ ಸ್ವಿಚ್ಚು."

ಉಸಿರು. ಬಟ್ಟೆಯ ಸರಸರ. ಏನೋ ಕಾಲಿಗೆ ತಗುಲಿ ಬಿದ್ದ ಸದ್ದು. ದೀಪ ಹತ್ತಿತು.

ಮಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳು ಮೊದಲು ನಿಂತಿದ್ದ ಜಾಗದ ಹಿಂದೆಯೇ ಭಾವ. ಒಂದು ಕೈ ಕತ್ತಿನ ಎತ್ತರಕ್ಕೆ, ಇನ್ನೊಂದು ಬಾಯಿಯ ಎತ್ತರಕ್ಕೆ, ಎರಡೂ ಗಾಳಿಯಲ್ಲಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಗಳು ಕಿರುಚಲಿಲ್ಲ. ಆ ಕೈಗಳನ್ನು ನೋಡಿದಳು, ಗಾಜಿನ ಆಚೆ ನನ್ನನ್ನು ನೋಡಿದಳು. ನಾನು ಹೇಳಲಾರದೆ ಹೋದದ್ದೆಲ್ಲ ಅವಳಿಗೆ ತಿಳಿಯಿತೆಂದು ಅವಳ ಮುಖದಲ್ಲೇ ಕಂಡಿತು.

ಭಾವ ಕೈ ಇಳಿಸಿ ಗಾಜಿನತ್ತ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಛೆ," ಎಂದರು, ಸ್ಪೀಕರಿನಲ್ಲಿ ಸ್ಪಷ್ಟವಾಗಿ. "ಒಳ್ಳೇ ಟೇಕ್ ಹಾಳು ಮಾಡಿದ್ರಿ. ಇರಲಿ. ಇನ್ನೊಂದ್ಸಲ ಮಾಡೋಣ."

ಮಗಳು ತಾನೇ ಚಿಲಕ ತೆಗೆದು ಹೊರಗೆ ಬಂದಳು. ಫೋನೆತ್ತಿಕೊಂಡಳು. ಮೂವರೂ ಮೆಟ್ಟಿಲಿಳಿದೆವು. ನಮ್ಮ ಮನೆಯ ಕಡೆಯ ಬಸ್ಸು ಬಂದಾಗ ಅಕ್ಕನೂ ಹತ್ತಿದಳು. ಬರಿಗಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತಳು. ಮಗಳು ನಮ್ಮಿಬ್ಬರ ನಡುವೆ, ತನ್ನ ಕತ್ತಿನ ಹಿಂದೆ ತಾನೇ ಕೈಯಿಟ್ಟುಕೊಂಡು.

ಎರಡು ನಿಲ್ದಾಣ ದಾಟಿರಬೇಕು. ಹಿಂದಿನ ಸೀಟಿನಲ್ಲಿ ಯಾರದೋ ಫೋನ್ ಚೀರಿತು. ಚೀರಿ, ಅರ್ಧದಲ್ಲೇ ನಿಂತಿತು. ಸುತ್ತಲಿನವರು ನಕ್ಕರು.

ಮಗಳು ತಿರುಗಿದಳು. ಕತ್ತಿಗೆ ಕಚೇರಿಯ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿ. ನೋಡಿದರೆ ಒಳ್ಳೆಯವಳಂತೆಯೇ ಇದ್ದಳು.

"ಅದನ್ನ ನಿಲ್ಲಿಸ್ರೀ," ಮಗಳು ಹೇಳಿದಳು. "ಅದು ನಮ್ಮಮ್ಮ."

ಆ ಹುಡುಗಿ ಒಂದು ಕ್ಷಣ ಅವಳ ಮುಖ ನೋಡಿದಳು. ತಮಾಷೆಯೆಂದುಕೊಂಡು ನಕ್ಕಳು. ನಗುತ್ತಲೇ ಮತ್ತೊಮ್ಮೆ ಒತ್ತಿದಳು.