ಗೋಂದು

ಮಗಳಿಗೆ ಗೋಂದು ಎಂದು ಹೆಸರಿಟ್ಟವನು ಅವಳ ಅಪ್ಪ. ಎರಡೂವರೆ ವರ್ಷದ ಆ ಪುಟಾಣಿ ಈಚೆಗೆ ಅಮ್ಮನಿಗೆ ಅಂಟಿಕೊಂಡಿದ್ದ ರೀತಿಗೆ ಆ ಹೆಸರೂ ಕಡಿಮೆಯೇ. ಅಮ್ಮ ನೀರು ಕುಡಿಯಲು ಎದ್ದರೆ ತಾನೂ ಏಳುವಳು, ಕಸ ಹಾಕಲು ಹೊರಟರೆ ತಾನೂ ಹೊರಡುವಳು. ಬಚ್ಚಲಿಗೆ ಹೋದರೆ ಬಾಗಿಲಾಚೆ ಕೂತು ಕೆಳಗಿನ ಸಂದಿಯಲ್ಲಿ ಬೆರಳು ತೂರಿಸುತ್ತಿದ್ದಳು. ನಿದ್ದೆಯಲ್ಲೂ ಅಮ್ಮನ ಅಂಗಿಯ ತುದಿ ಅವಳ ಮುಷ್ಟಿಯಲ್ಲೇ.

"ನಿನ್ನ ಕಂಡ್ರೆ ಅಷ್ಟು ಪ್ರೀತಿ," ಎಂದು ಅಪ್ಪ ನಕ್ಕ. ನಸುಕಿನಲ್ಲೇ ಬಸ್ಸು ಓಡಿಸಲು ಹೊರಟುಬಿಡುವವನಿಗೇನು, ನಗಬಹುದು.

ಅದು ಪ್ರೀತಿಯಲ್ಲ, ಭಯ ಎಂದು ಅಮ್ಮನಿಗೆ ಗೊತ್ತಿತ್ತು. ಎಲ್ಲಿಂದ ಬಂತೆಂಬ ಅನುಮಾನವೂ ಇತ್ತು.

ಅವಳಿಗೆ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಇಸ್ತ್ರಿ ಯಂತ್ರದ ಕಾದ ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟುಗಳನ್ನು ತೂರಿಸಬೇಕು. ಆಚೆ ತುದಿಯಲ್ಲಿ ಇಬ್ಬರು ಮಡಚುತ್ತಾರೆ. ಇವಳು ಐದು ನಿಮಿಷ ತಡ ಮಾಡಿದರೆ ಅವರಿಬ್ಬರ ಕೈ ಖಾಲಿ, ಸೂಪರ್‌ವೈಸರನ ಬಾಯಿ ಮಾತ್ರ ತುಂಬ. ಶಿಶುವಿಹಾರದ ಬಾಗಿಲಲ್ಲಿ ಮಗಳು ಕತ್ತಿಗೆ ಜೋತುಬಿದ್ದು ಅತ್ತರೆ ಐದಲ್ಲ, ಇಪ್ಪತ್ತು ನಿಮಿಷ ಹೋಗುತ್ತದೆ. ಹಾಗಾಗಿ ಒಂದು ಉಪಾಯ ಕಂಡುಕೊಂಡಿದ್ದಳು. ಮಗಳನ್ನು ಮರದ ತುಂಡುಗಳ ಬುಟ್ಟಿಯ ಮುಂದೆ ಕೂರಿಸಿ, ಅವಳು ಎರಡು ತುಂಡು ಪೇರಿಸುವಷ್ಟರಲ್ಲಿ ಕಾಲಿಗೆ ಬುದ್ಧಿ ಹೇಳುವುದು. ಮೂರು ವಾರ ಹೀಗೇ ನಡೆಯಿತು. ಅಳು ಕಿವಿಗೆ ಬೀಳಲಿಲ್ಲ, ಕೆಲಸಕ್ಕೂ ತಡವಾಗಲಿಲ್ಲ.

ಒಂದು ಸಂಜೆ ಶಿಶುವಿಹಾರದ ದೊಡ್ಡ ಮಿಸ್ ಅವಳನ್ನು ತಡೆದು ನಿಲ್ಲಿಸಿದರು. ಮಕ್ಕಳ ಜೊತೆ ನೆಲದ ಮೇಲೆ ಕೂತೂ ಕೂತೂ ಮಂಡಿ ಹಾಳುಮಾಡಿಕೊಂಡ ಹಿರಿಯ ಹೆಂಗಸು ಅವರು.

"ನಿನ್ನ ಮಗಳು ಈಗ ಆ ಬುಟ್ಟಿ ಮುಟ್ಟೋದೇ ಇಲ್ಲ ಕಣಮ್ಮ. ಅದಕ್ಕೆ ಬೆನ್ನು ಹಾಕಿ, ಬಾಗಿಲು ನೋಡ್ಕೊಂಡು ಕೂತಿರ್ತಾಳೆ. ಬೇರೆ ಮಕ್ಕಳು ಕರೆದ್ರೂ ಹೋಗಲ್ಲ. ಆಟದಲ್ಲಿ ಮೈಮರೆತ್ರೆ ಅಮ್ಮ ಮಾಯ ಆಗ್ತಾಳೆ ಅಂತ ಕಲಿತುಬಿಟ್ಟಿದ್ದಾಳೆ."

"ಹೇಳಿದ್ರೆ ಅಳ್ತಾಳೆ, ಮಿಸ್. ನನ್ನ ಕೈಲಿ ಕೇಳೋಕಾಗಲ್ಲ."

"ಅಳ್ಲಿ ಬಿಡು, ಎತ್ಕೊಳ್ಳೋಕೆ ನಾನಿದ್ದೀನಿ. ಮುಖ ನೋಡಿ 'ಹೋಗಿ ಬರ್ತೀನಿ' ಅನ್ನು. ಸಂಜೆ ಬಂದಾಗ 'ಬಂದೆ ಅಲ್ವಾ?' ಅನ್ನು. ನೀನು ಹೋಗ್ತೀಯ ಅಂತ ಅವಳಿಗೆ ಚೆನ್ನಾಗೇ ಗೊತ್ತು. ಬರ್ತೀನಿ ಅಂತ ಯಾರೂ ಹೇಳೇ ಇಲ್ಲ."

ಆ ಮಾತು ಅವಳಿಗೆ ನಾಟಿತು. ನಾಚಿಕೆಯೂ ಆಯಿತು.

ಮರುದಿನ ಮಂಡಿಯೂರಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಹೋಗಿ ಬರ್ತೀನಿ, ಚಿನ್ನ. ಅಳ್ಬೇಡ, ಆಯ್ತಾ?" ಎಂದಳು. ಗೋಂದು ಸೂರು ಹಾರಿಹೋಗುವಂತೆ ಚೀರಿದಳು. ದೊಡ್ಡ ಮಿಸ್ ಒಂದೊಂದೇ ಬೆರಳು ಬಿಡಿಸಿ ಅವಳನ್ನು ಎತ್ತಿಕೊಂಡರು. ಗೇಟಿನವರೆಗೂ ಅಳು ಬೆನ್ನಟ್ಟಿ ಬಂತು. ಅಂದು ಹನ್ನೆರಡು ನಿಮಿಷ ತಡ. ಸೂಪರ್‌ವೈಸರನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಎಂಟು ದಿನ ಇದೇ ರಾಮಾಯಣ: ಬೆಳಿಗ್ಗೆ ಮಗಳ ಚೀರಾಟ, ಸಂಜೆ ಅಮ್ಮನ 'ಬಂದೆ ಅಲ್ವಾ?'. ಒಂಬತ್ತನೆಯ ದಿನ ಅಳು ಗೇಟಿನವರೆಗೆ ಬರಲಿಲ್ಲ. ಅದಕ್ಕೂ ಅವಳಿಗೆ ಸಂಕಟವಾಯಿತು. ಅತ್ತರೂ ಸಂಕಟ, ಅಳದಿದ್ದರೂ ಸಂಕಟ, ಸಾಕಾಗಿ ಹೋಗಿತ್ತು.

ಆ ಸಂಜೆ ಮನೆಗೆ ಬಂದವಳು ಸೋತು ಸುಣ್ಣವಾಗಿ, ಚಪ್ಪಲಿಯನ್ನೂ ಬಿಚ್ಚದೆ ಗೋಡೆಗೊರಗಿ ಕೂತುಬಿಟ್ಟಳು. ಗೋಂದು ಎಂದಿನಂತೆ ತೊಡೆಯೇರಿದಳು. ಸ್ವಲ್ಪ ಹೊತ್ತಾದ ಮೇಲೆ ಅಂಗಿಯ ತುದಿ ಬಿಟ್ಟು ಕೆಳಗಿಳಿದಳು. ಒಳಕೋಣೆಯ ಬಾಗಿಲವರೆಗೆ ಹೋದವಳು, ಏನೋ ಮರೆತವಳಂತೆ ತಿರುಗಿ ಬಂದು ಎರಡೂ ಕೈಯಲ್ಲಿ ಅಮ್ಮನ ಮುಖ ಹಿಡಿದಳು.

"ಗೊಂಬೆ ತತ್ತೀನಿ. ಹೋಗಿ ಬತ್ತೀನಿ. ಅಳ್ಬೇಡ, ಆಯ್ತಾ?"

ಅಮ್ಮ ತಲೆಯಾಡಿಸಿದಳು. ಮಗಳು ಒಬ್ಬಳೇ ಒಳಗೆ ಹೋದದ್ದೇ ತಡ, ಇಷ್ಟು ದಿನ ತಡೆದಿಟ್ಟ ಅಳುವೆಲ್ಲ ಒಮ್ಮೆಲೇ ಬಂತು. ಗೊಂಬೆಯನ್ನು ಕಾಲು ಹಿಡಿದು ಎಳೆದುಕೊಂಡು ಬಂದ ಗೋಂದು, ಅಮ್ಮನ ಕೆನ್ನೆ ಒರೆಸಿ, ಕೊಂಚ ಗದರಿಸಿಯೇ ಕೇಳಿದಳು:

"ಬಂದೆ ಅಲ್ವಾ?"