ಚೌಕದೊಳಗಿನ ಮೂರು ಇಂಚು

ಶಹಾಬಾದಿನ ಸಿಮೆಂಟ್ ಕಾರ್ಖಾನಿಯಾಗ ಮಾಣಿಕಪ್ಪ ತೂತು ಕೊರೆಯೋ ಮಷೀನಿನ ಹಿಡಿಕೆ ಹಿಡಿದು ನಿಂತಿದ್ದ. ಉದ್ದನೆ ಕಬ್ಬಿಣದ ಪಟ್ಟಿಗೆ ಸಾಲಾಗಿ ಆರು ತೂತು ಬೇಕು, ಐದು ಆಗಿದ್ದವು. ಇದ್ದದ್ದು ಅದೊಂದೇ ಪಟ್ಟಿ. "ಕೆಟ್ಟಿತಂದ್ರ ನಾಳೆ ಗೇಟಿನ ಕಡೆ ಮಾರಿನೂ ತೋರಸಬ್ಯಾಡ" ಅಂತ ಸಾಹೇಬ ಮುಂಜಾನೆನೇ ಗುಡುಗಿದ್ದ. ಮನ್ಯಾಗ ಹೆಂಡತಿ ಸಾಬಮ್ಮ ದಿನ ತುಂಬಿದಾಕಿ. ನೌಕರಿ ಹೋದ್ರ ಏನು, ಮಣ್ಣು ತಿನ್ನೋದಾ?

"ಏ, ತಡಿಯಪಾ!" ನಕ್ಷಾ ಬರೆದ ಗುರುಲಿಂಗಯ್ಯ ಓಡಿ ಬಂದರು. ಪಟ್ಟಿಯ ಎಡ ಅಂಚಿನಿಂದ ಒಂದೊಂದೇ ತೂತು ಅಳೆದರು. ಅವರ ಮಾರಿ ಇಳಿದುಹೋಯಿತು. "ಹೆಂಗ ಅಳದೀ?"

"ಒಂದು ತೂತಿನಿಂದ ಇನ್ನೊಂದಕ್ಕ ಮೂರು ಇಂಚು ರೀ ಅಯ್ಯನೋರ. ನಮ್ಮಪ್ಪ ಫರಸಿ ಕಲ್ಲು ಹಾಸೂದೂ ಹಂಗೇ, ಒಂದರ ಬಾಜೂಕ ಒಂದು."

"ಫರಸಿಗೆ ಕಡೀಕ ಗ್ವಾಡಿ ಇರ್ತದ, ಉಳಿದಷ್ಟು ಕಡದು ತುಂಬತೀರಿ. ಇಲ್ಲೇನು ಕಡೀತಿ? ಪ್ರತಿ ಸಲ ಕೂದಲೆಳಿ ಹೆಚ್ಚಾಗಿ, ಐದನೇದು ಎಷ್ಟು ಸರೀಬಹುದೋ ಆ ಮಿತಿಗೇ ಬಂದು ನಿಂತದ. ಆರನೇದೂ ಅಲ್ಲಿಂದಲೇ ಅಳದ್ರ ಪಟ್ಟಿ ಗುಜರಿಗೇ ಹೋಗ್ತದ."

ಅವರು ಅಂಚಿನಿಂದಲೇ ಅಳೆದು ಆರನೇ ಗುರುತು ಹಾಕಿದರು. ಮಾಣಿಕಪ್ಪ ಐದನೇದರಿಂದ ಅಳೆದು ನೋಡಿ ಚೀರಿದ. "ಮೂರಕ್ಕ ಕಡಿಮಿ ಆತಲ್ರಿ! ನಕ್ಷಾದಾಗ ನೀವೇ ಮೂರರ ಸುತ್ತ ಚೌಕ ಹಾಕೀರಿ!"

"ಚೌಕದಾಗಿಂದು ತೂತಿನ ಖರೇ ಜಾಗ ಹೇಳೋ ಅಳತಿ. ಪಟ್ಟಿ ಅಂಚಿನಿಂದ ಮೂರು ಮೂರು ಕೂಡಿಸಿಕೋತ ಎಣಿಸಬೇಕು. ಆ ಜಾಗದಿಂದ ತೂತು ಎಷ್ಟು ಸರೀಬಹುದು ಅಂತ ಬ್ಯಾರೆ ಬರದೀನಿ. ಐದನೇದು ಸರದದ, ಅದಕ್ಕ ಸಂದು ಸಣ್ಣದು ಕಾಣಾಕತ್ತದ. ಅದರ ತಪ್ಪು ಆರನೇದಕ್ಕ ಹೊರಸಬ್ಯಾಡ."

ಮಾತೇನೋ ಚಂದ. ತಪ್ಪಿದ್ರ ಹೋಗೋದು ಯಾರ ನೌಕರಿ? ಅಯ್ಯನೋರದಂತೂ ಅಲ್ಲ! ಸಂದು ಕಣ್ಣಿಗೇ ಸಣ್ಣದು ಕಾಣ್ತಿತ್ತು. ದೇವರ ಮ್ಯಾಲೆ ಭಾರ ಹಾಕಿ, ಹಲ್ಲು ಕಚ್ಚಿ, ಮಾಣಿಕಪ್ಪ ಅಯ್ಯನೋರ ಗುರುತಿನ ಮ್ಯಾಲೇ ಹಿಡಿಕೆ ಒತ್ತಿದ.

ಮಧ್ಯಾಹ್ನ ಪಟ್ಟಿಯನ್ನ ಮೊದಲೇ ತೂತು ಕೊರೆದಿಟ್ಟ ಅದರ ಜೋಡಿ ಪಟ್ಟಿಗೆ ಕೂಡಿಸಿದರು. ಸಾಹೇಬ ಎದುರಿಗೇ ನಿಂತಿದ್ದ. ನಾಲ್ಕು ಬೋಲ್ಟು ಸರಾಗ ಇಳಿದವು. ಐದನೇದು ಸಿಕ್ಕಿಕೊಂಡಿತು. ಮಾಣಿಕಪ್ಪ ತಿರುವಿ ತಿರುವಿ ಒತ್ತಿದ ಮ್ಯಾಲೆ ಉಜ್ಜಿಕೊಂಡು ಒಳಗ ಹೋಯಿತು. ಆರನೇದಕ್ಕ ಕೈ ಹಚ್ಚಾಕ ಧೈರ್ಯನೇ ಬರಲಿಲ್ಲ. ಅಯ್ಯನೋರೇ ಬೋಲ್ಟು ತಂದು ಇಟ್ಟರು. ಬಿಟ್ಟ ಕೂಡಲೇ ಸಲೀಸಾಗಿ ಇಳಿದುಬಿಟ್ಟಿತು.

ಸಾಹೇಬ "ಹ್ಞೂಂ" ಅಂದು ಹೊರಟ. ಮಾಣಿಕಪ್ಪ ಅಲ್ಲೇ ನೆಲಕ್ಕ ಕುಂತ. ಕಣ್ಣಾಗ ನೀರು, ಬಾಯಾಗ ನಗು.

"ಅಯ್ಯನೋರ, ನಮ್ಮ ಪಡಸಾಲ್ಯಾಗ ಗ್ವಾಡಿ ಬಾಜೂಕಿನ ಫರಸಿ ಭಾಳ ಸಣ್ಣದು, ಸೊಟ್ಟ. ಸಣ್ಣವ ಇದ್ದಾಗಿಂದ, ಹಿಂದಿನ ಕಲ್ಲು ಬಿಟ್ಟು ಅದಕ್ಕೇ ಬೈಕೋತ ಬಂದೀನಿ."